ಬೈಗುಳದಲ್ಲೊಂದು ಪಾಲು

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದ ಸಿದ್ದರಾಜುವಿನ ಮನೆಯಲ್ಲಿ ಎರಡು ಕಾನೂನುಗಳಿದ್ದವು. ಒಂದು ಹದಿಮೂರು ವರ್ಷದ ದೊಡ್ಡ ಮಗಳು ಮೈತ್ರಿಗೆ, ಇನ್ನೊಂದು ಮಿಕ್ಕವರಿಗೆ. ಮೈತ್ರಿ ಹಾಲು ಚೆಲ್ಲಿದರೆ ಅವಳ ಅಮ್ಮ ಕಲ್ಯಾಣಿ "ಹೋಗ್ಲಿ ಬಿಡು ಪುಟ್ಟ" ಎಂದು ತಾನೇ ಒರೆಸುತ್ತಿದ್ದಳು. ಅದೇ ಹಾಲನ್ನು ಒಂಬತ್ತು ವರ್ಷದ ಮಧುಮತಿ ಚೆಲ್ಲಿದರೆ ಬೆನ್ನಿಗೊಂದು ಬೀಳುತ್ತಿತ್ತು, ಒರೆಸುವ ಬಟ್ಟೆಯೂ ಅವಳ ಕೈಗೇ ಬರುತ್ತಿತ್ತು. ಇದು ಅನ್ಯಾಯ ಎಂದು ಮಧು ದಿನಕ್ಕೆರಡು ಸಲ ಕೂಗಿ ಹೇಳುತ್ತಿದ್ದಳು. ಕೇಳುವವರು ಯಾರೂ ಇರಲಿಲ್ಲ.

ಕಾನೂನು ಎರಡಾಗಿದ್ದಕ್ಕೆ ಕಾರಣ ಥಲಸ್ಸೀಮಿಯಾ. ಅಪ್ಪನಲ್ಲಿ ಅರ್ಧ, ಅಮ್ಮನಲ್ಲಿ ಅರ್ಧ ಸದ್ದಿಲ್ಲದೆ ಕೂತಿದ್ದದ್ದು ಮೈತ್ರಿಯಲ್ಲಿ ಪೂರ್ತಿಯಾಗಿ ಬಂದಿತ್ತು. ಅವಳ ಮೈ ತನಗೆ ಬೇಕಾದಷ್ಟು ರಕ್ತವನ್ನು ಮಾಡಿಕೊಳ್ಳುತ್ತಿರಲಿಲ್ಲ. ಮೂರು ವಾರಕ್ಕೊಮ್ಮೆ ಜಯನಗರದ ಕಡೆಯ ಆಸ್ಪತ್ರೆಗೆ ಹೋಗಿ ಅರ್ಧ ದಿನ ಮಲಗಿ ರಕ್ತ ಹಾಕಿಸಿಕೊಂಡು ಬರಬೇಕು. ಹಾಗೆ ಹಾಕಿದ ರಕ್ತದ ಜೊತೆಗೆ ಬರುವ ಕಬ್ಬಿಣ ಹೊರಗೆ ಹೋಗದೆ ಲಿವರಿನಲ್ಲಿ, ಹೃದಯದಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಕಳೆಯಲು ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಸೀಮೆಸುಣ್ಣದ ನೀರಿನ ಹಾಗಿರುತ್ತದೆ. ಕಲ್ಯಾಣಿ ಅದನ್ನು ಒಂದು ದಿನವೂ ತಪ್ಪಿಸದೆ ಕದಡಿ ಕೊಡುತ್ತಿದ್ದಳು.

ಮೈತ್ರಿ ಅದನ್ನು ಒಂದು ದಿನವೂ ತಪ್ಪಿಸದೆ ಬಚ್ಚಲಿಗೆ ಸುರಿಯುತ್ತಿದ್ದಳು, ಆಯುಧಪೂಜೆಯ ಮಾರನೆಯ ದಿನದಿಂದ.

ಇದು ಗೊತ್ತಿದ್ದವಳು ಮಧು ಒಬ್ಬಳೇ. ಹಲ್ಲುಜ್ಜಲು ನುಗ್ಗಿದವಳು ಕಣ್ಣಾರೆ ಕಂಡಿದ್ದಳು. "ಹೇಳಿದ್ರೆ ನಿನ್ನ ಜೊತೆ ಮಾತೇ ಆಡಲ್ಲ. ಹೇಳ್ದೇ ಇದ್ರೆ ನಾನು ಏನು ಕೇಳಿ ತರಿಸ್ಕೊಂಡ್ರೂ ಅರ್ಧ ನಿನಗೆ" ಎಂದಿದ್ದಳು ಅಕ್ಕ. ಮಧು ಒಪ್ಪಿಕೊಂಡಳು. ಒಪ್ಪಿಕೊಂಡ ದಿನದಿಂದ ಅಕ್ಕ ಬಚ್ಚಲಿನಲ್ಲಿದ್ದರೆ ಅವಳು ಅತ್ತ ಹಲ್ಲುಜ್ಜಲು ಹೋಗುವುದನ್ನೇ ಬಿಟ್ಟಳು. ಆದರೂ ಸಿಕ್ಕಿದ್ದನ್ನು ತಿನ್ನುವುದು ಬಿಡಲಿಲ್ಲ.

ಸಿಕ್ಕಿದ್ದೂ ಕಡಿಮೆಯೇನಲ್ಲ. ಜನವರಿಯ ಒಂದು ಭಾನುವಾರ ಕಲ್ಯಾಣಿ ಅವರೆಕಾಳು ಬಿಡಿಸಿ, ಅಕ್ಕಿತರಿ ಹುರಿದು ಉಪ್ಪಿಟ್ಟು ಮಾಡಿದ್ದಳು. ಮನೆಯೆಲ್ಲ ಸೊಗಡಿನ ಘಮ. ಮೈತ್ರಿ ತಟ್ಟೆ ದೂಡಿದಳು.

"ನನಗೆ ಗೋಬಿ ಮಂಚೂರಿ ಬೇಕು."

"ಎಂಟು ಗಂಟೆಗಾ?" ಎಂದಳು ಮಧು.

"ಈಗ್ಲೇ."

ರಾತ್ರಿ ಪಾಳಿ ಮುಗಿಸಿ ಬಂದು ಚಪ್ಪಲಿಯನ್ನೂ ಬಿಟ್ಟಿರದ ಸಿದ್ದರಾಜು, ಬಿಎಂಟಿಸಿ ಡ್ರೈವರು, ಹಾಗೇ ತಿರುಗಿ ಹೂಕೋಸು ತರಲು ಮಾರ್ಕೆಟ್ಟಿಗೆ ಹೊರಟ. ಕಲ್ಯಾಣಿ ಎಣ್ಣೆಯ ಬಾಣಲೆ ಇಟ್ಟಳು. ಬಾಗಿಲ ಬಳಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ಸಪ್ಪಲಮ್ಮನಿಗೆ ತಡೆಯಲಾಗಲಿಲ್ಲ.

"ಅವರೆಕಾಳು ಉಪ್ಪಿಟ್ಟು ಬ್ಯಾಡ ಅಂದೋರನ್ನ ಈ ವಂಶದಲ್ಲೇ ಕಂಡಿಲ್ಲ ನಾನು."

"ಅತ್ತೆ, ಸುಮ್ನಿರಿ" ಎಂದಳು ಕಲ್ಯಾಣಿ ಮೆಲ್ಲಗೆ.

"ನಾನೇನಂದೆ? ಕುಟ್ಟಾಣಿಗೆ ಅಂದೆ."

ಮಗುವಿಗೆ ಏನೂ ಅನ್ನಬಾರದು ಎಂದು ಸಿದ್ದರಾಜು ಹನ್ನೆರಡು ವರ್ಷದ ಹಿಂದೆಯೇ ಅಮ್ಮನಿಗೆ ಹೇಳಿಬಿಟ್ಟಿದ್ದ. ಅಂದಿನಿಂದ ಸಪ್ಪಲಮ್ಮ ಮೈತ್ರಿಗೆ ಬೈಯಬೇಕಾದ್ದನ್ನೆಲ್ಲ ಕುಟ್ಟಾಣಿಗೆ, ಬೆಕ್ಕಿಗೆ, ಕೇಬಲ್ಲಿನವನಿಗೆ, ಮಧುವಿಗೆ ಬೈದು ತೀರಿಸಿಕೊಳ್ಳುತ್ತಿದ್ದಳು.

ಮುಂದಿನ ವಾರ ಮೈತ್ರಿ ಲವ್ ಬರ್ಡ್ಸ್ ಕೇಳಿದಳು. ಸಿದ್ದರಾಜು ಪಂಜರ ಸಮೇತ ಎರಡು ಹಕ್ಕಿ ತಂದ. ಅದರ ಮುಂದಿನ ವಾರ ನಡುಮನೆಯ ಗೋಡೆಗೆ ಗಿಳಿಹಸಿರು ಬಣ್ಣ ಬೇಕೆಂದಳು. ಬುದ್ಧ, ಅಂಬೇಡ್ಕರ್ ಫೋಟೋಗಳೂ ಪಕ್ಕದಲ್ಲಿದ್ದ ಅಜ್ಜಿಯ ಊರದೇವರ ಫೋಟೋವೂ ಎರಡು ದಿನ ಕಲ್ಯಾಣಿಯ ಹೊಲಿಗೆ ಮಷೀನಿನ ಮೇಲೆ ಕೂತವು, ಗೋಡೆ ಹಸಿರಾಯಿತು. ಆಮೇಲೆ ಕೂದಲು ಕತ್ತರಿಸಬೇಕು, ಕಿವಿಯವರೆಗೆ ಎಂದಳು. ಅಜ್ಜಿ ಎದೆ ಹಿಡಿದುಕೊಂಡಳು. ಕಲ್ಯಾಣಿ ಪಾರ್ಲರಿಗೆ ಕರೆದುಕೊಂಡು ಹೋದಳು.

ಅಪ್ಪ ಅಮ್ಮ ಹೂಂ ಎಂದಾಗಲೆಲ್ಲ ಮೈತ್ರಿಯ ಮುಖ ಸಣ್ಣದಾಗುತ್ತಿತ್ತು. ಕೇಳಿದ್ದು ಸಿಕ್ಕಿದವರ ಮುಖ ಹಾಗಿರುವುದಿಲ್ಲ. ಮಧುವಿಗೆ ಇದು ಮಾತ್ರ ತಲೆಗೆ ಹೋಗಲಿಲ್ಲ.

"ಇನ್ನೇನು ಬೇಕೇ ಅಕ್ಕ ನಿನಗೆ?"

"ನೋಡ್ತಾ ಇರು. ಎಲ್ಲಿವರೆಗೂ ಹೂಂ ಅಂತಾರೆ ನೋಡೋಣ."

ಫೆಬ್ರವರಿಯ ಮೊದಲ ಮಂಗಳವಾರ ರಕ್ತದ ದಿನ. ಸೂಜಿ ಚುಚ್ಚಿ, ಪರೀಕ್ಷೆಗೆ ಒಂದಿಷ್ಟು ರಕ್ತ ತೆಗೆದುಕೊಂಡು, ಚೀಲ ತೂಗುಹಾಕಿದರು. ಆ ವಾರ್ಡಿನ ಮಕ್ಕಳ ಜೊತೆ, ಮನೆಯವರ ಜೊತೆ ಮಾತಾಡಲು ಲತಾಮಣಿ ಎಂಬ ಕೌನ್ಸೆಲರ್ ಬರುತ್ತಿದ್ದರು. ಅವತ್ತು ಕಲ್ಯಾಣಿಯನ್ನು ಕಾರಿಡಾರಿಗೆ ಕರೆದರು.

"ಮೈತ್ರಿ ಜೊತೆ ಕೊನೇ ಸಲ ಜಗಳ ಆಡಿದ್ದು ಯಾವಾಗ ಕಲ್ಯಾಣಿ ಅವರೇ?"

"ಜಗಳಾನಾ? ಒಂದು ದಿನಾನೂ ಇಲ್ಲ ಮೇಡಂ. ಹೂವಿನ ಥರ ನೋಡ್ಕೊಂಡಿದ್ದೀವಿ."

ಹೊಗಳಿಕೆ ಬರುತ್ತದೆಂದು ಕಾದಳು. ಲತಾಮಣಿ ಹೊಗಳಲಿಲ್ಲ.

"ಕಾಯಿಲೆ ವಿಷಯ ಅವಳ ಹತ್ರ ಮಾತಾಡ್ತೀರಾ? ಮುಂದೇನು, ಹೇಗೆ ಅಂತ?"

"ಅಯ್ಯೋ ಇಲ್ಲ ಮೇಡಂ. ಅವಳ ಮುಂದೆ ಆ ಮಾತೇ ಎತ್ತಲ್ಲ."

"ಎತ್ತಿ. ಹದಿಮೂರು ವರ್ಷದ ಮಕ್ಕಳಿಗೆ ನಾವು ಹೇಳ್ದೇ ಇದ್ರೆ ತಾವೇ ಏನೋ ಒಂದು ಲೆಕ್ಕ ಹಾಕ್ಕೊಂಡು ಬಿಡ್ತಾರೆ."

ಈ ಮೇಡಂಗೆ ಮಕ್ಕಳಿದ್ದಾವೋ ಇಲ್ಲವೋ ಎಂದು ಕಲ್ಯಾಣಿ ಬಸ್ಸಿನಲ್ಲಿ ಪೂರ್ತಿ ದಾರಿ ಗೊಣಗಿಕೊಂಡು ಬಂದಳು.

ರಿಪೋರ್ಟು ಶನಿವಾರ ಬಂತು. ಮೈಯೊಳಗಿನ ಕಬ್ಬಿಣದ ಲೆಕ್ಕ ಹಿಂದಿನ ಸಲಕ್ಕಿಂತ ದುಪ್ಪಟ್ಟಾಗಿತ್ತು. ಡಾಕ್ಟರಮ್ಮ ಫೋನಿನಲ್ಲೇ ಕೇಳಿದರು, ಸ್ಪೀಕರ್ ಹಾಕಿದ್ದರಿಂದ ಮನೆಗೆಲ್ಲ ಕೇಳಿಸಿತು: "ಮಾತ್ರೆ ಸರಿಯಾಗಿ ಕುಡೀತಿದ್ದಾಳೇನಮ್ಮ? ಹೀಗೇ ಏರಿದ್ರೆ ಹಾರ್ಟಿಗೆ ತೊಂದ್ರೆ ಆಗುತ್ತೆ. ಸೋಮವಾರ ಕರ್ಕೊಂಡು ಬನ್ನಿ."

"ನನ್ನ ಕೈಯಾರೆ ಕದಡಿ ಕೊಡ್ತೀನಿ ಡಾಕ್ಟ್ರೇ!"

ಫೋನು ಇಟ್ಟವಳೇ ಹೊಲಿಯುತ್ತಿದ್ದ ಬ್ಲೌಸನ್ನು ಅಲ್ಲೇ ಬಿಟ್ಟು ನೆಲಕ್ಕೆ ಕೂತಳು. ಸಂಜೆ ನಾಲ್ಕು ಗಂಟೆ. ಎಲ್ಲರೂ ಮನೆಯಲ್ಲಿದ್ದರು. ಮೈತ್ರಿ ಪಂಜರದ ಹಕ್ಕಿಗಳಿಗೆ ನವಣೆ ಹಾಕುತ್ತಿದ್ದವಳು ತಿರುಗಲಿಲ್ಲ.

"ಮಾತ್ರೆಯಲ್ಲೇ ಏನೋ ಮೋಸ ಇದೆ ಕಣ್ರೀ" ಎಂದಳು ಕಲ್ಯಾಣಿ.

"ಆಸ್ಪತ್ರೆ ಬದಲಾಯಿಸೋಣ" ಎಂದ ಸಿದ್ದರಾಜು. "ಜೆ.ಪಿ. ನಗರದಲ್ಲಿ ದೊಡ್ಡದೊಂದಿದೆ. ನಾಳೇನೇ ವಿಚಾರಿಸ್ತೀನಿ."

"ದೃಷ್ಟಿ ತಗೀರಿ ಮೊದ್ಲು" ಎಂದಳು ಸಪ್ಪಲಮ್ಮ.

ಮಧು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೈಯಲ್ಲಿ ಅಕ್ಕನ ಪಾಲಿನಿಂದ ಬಂದ ಅರ್ಧ ಚಾಕೊಲೇಟು ಕರಗುತ್ತಿತ್ತು. ಹಾರ್ಟಿಗೆ ತೊಂದರೆ ಎಂದದ್ದು ಅವಳಿಗೂ ಕೇಳಿಸಿತ್ತು.

"ಅವಳು ಕುಡಿಯೋದೇ ಇಲ್ಲ!" ಎಂದು ಕಿರುಚಿದಳು. "ಬಚ್ಚಲಿಗೆ ಹಾಕ್ತಾಳೆ! ದಸರಾದಿಂದ! ದಿನಾ!"

ಆಗ ಆದದ್ದು ಆ ಮನೆಯಲ್ಲಿ ಮಾತ್ರ ಆಗಬಹುದಾದದ್ದು. ಕಲ್ಯಾಣಿ ಎದ್ದು ಬಂದು ಮಧುವಿನ ಬೆನ್ನಿಗೆ ಎರಡು ಬಾರಿಸಿದಳು.

"ದಸರಾದಿಂದ ಬಾಯಲ್ಲಿ ಏನಿಟ್ಕೊಂಡಿದ್ದೆ? ಹೇಳೋಕೇನಾಗಿತ್ತು?"

"ಚಾಕೊಲೇಟ್ ಆಸೆಗೆ ಅಕ್ಕನ ಜೀವಾನೇ..." ಎಂದು ಸಿದ್ದರಾಜುವೂ ಶುರು ಮಾಡಿದ.

ಪಂಜರದ ಕಡೆಯಿಂದ ನವಣೆಯ ಡಬ್ಬಿ ಹಾರಿ ಬಂದು ಹೊಸ ಹಸಿರು ಗೋಡೆಗೆ ಬಡಿಯಿತು. ಕಾಳು ಮನೆಯೆಲ್ಲ ಚೆಲ್ಲಾಡಿತು.

"ಅವಳಿಗ್ಯಾಕೆ ಹೊಡೀತೀರ?" ಮೈತ್ರಿಯ ಧ್ವನಿ ಅಷ್ಟು ದೊಡ್ಡದು ಎಂದು ಯಾರಿಗೂ ಗೊತ್ತಿರಲಿಲ್ಲ. "ಸುರಿದಿದ್ದು ನಾನು! ಡಬ್ಬಿ ಎಸೆದಿದ್ದು ನಾನು! ನನಗೆ ಬೈಯಿರಿ! ಒಂದು ಸಲನಾದ್ರೂ ಬೈಯಿರಿ!"

"ಪುಟ್ಟ, ಸಮಾಧಾನ ಮಾಡ್ಕೋ..."

"ನೋಡಿ! ಈಗ್ಲೂ ಪುಟ್ಟ! ಹೇಗಿದ್ರೂ ಸಾಯೋಳು, ಯಾಕೆ ಬೈಬೇಕು ಅಂತ ತಾನೇ?"

ಸಿದ್ದರಾಜು ಅವಳ ಕಡೆ ಎರಡು ಹೆಜ್ಜೆ ಬಂದ. "ಯಾರು ಹೇಳಿದ್ರು ನಿನಗೆ ಹಾಗೆ?"

"ನೀವೇ ಹೇಳಿದ್ದೀರ. ಅಟ್ಟದ ಮೇಲೆ ಬರೆದಿಟ್ಟಿದ್ದೀರ."

ಸ್ಟೂಲು ಎಳೆದು, ಯಾರೂ ತಡೆಯುವ ಮೊದಲೇ ಹತ್ತಿದಳು. ತಗಡಿನ ಟ್ರಂಕಿನಿಂದ ಒಂದೊಂದೇ ಪಾತ್ರೆ ತೆಗೆದು ಕೆಳಗಿನವರ ಕೈಗೆ ಕೊಡತೊಡಗಿದಳು. ಲೋಟ, ಬಟ್ಟಲು, ತಟ್ಟೆ, ಚೊಂಬು, ಸಾರಿನ ಬೋಸಿ. ಹತ್ತು ಪಾತ್ರೆಗಳ ಮೇಲೂ ಕೆತ್ತಿದ್ದ ಹೆಸರು ಮಧುಮತಿ, ಕೆಳಗೆ ತಾರೀಖು. ಕೊನೆಗೊಂದು ಪುಟ್ಟ ಲೋಟ. ಅದರ ಮೇಲೆ ಮೈತ್ರಿ. ಹದಿಮೂರು ವರ್ಷದ ಹಿಂದಿನ ತಾರೀಖು. ಅಷ್ಟೇ.

ಸಪ್ಪಲಮ್ಮನ ಮನೆತನದಲ್ಲಿ ಒಂದು ಪದ್ಧತಿ. ಹೆಣ್ಣುಮಗುವಿನ ನಾಮಕರಣಕ್ಕೊಂದು ಪಾತ್ರೆ, ಆಮೇಲೆ ಹುಟ್ಟುಹಬ್ಬಕ್ಕೊಂದು, ಹೆಸರು ಕೆತ್ತಿಸಿ ಎತ್ತಿಡುತ್ತಾರೆ. ಮುಂದೆ ಅವಳು ಸಂಸಾರ ಹೂಡುವಾಗ ಒಂದು ಅಡುಗೆಮನೆಯೇ ತುಂಬಿರುತ್ತದೆ. ಮೊದಲ ಮಗಳಿಗೆ ತಾಯಿಯೇ ತರಬೇಕು, ಎರಡನೆಯವಳಿಗೆ ಅಜ್ಜಿ. ಒಬ್ಬರ ಪಾಲಿನದನ್ನು ಇನ್ನೊಬ್ಬರು ತರುವಂತಿಲ್ಲ.

"ಆಯುಧಪೂಜೆಗೆ ಅಟ್ಟ ಗುಡಿಸುವಾಗ ನೋಡ್ದೆ" ಎಂದಳು ಮೈತ್ರಿ ಮೇಲಿನಿಂದಲೇ. "ಇವಳಿಗೆ ಹತ್ತು, ನನಗೆ ಒಂದು. ಬೇಕಾಗಲ್ಲ ಅಂತ ನಿಲ್ಸಿದ್ದೀರ. ಮತ್ತೆ ಮಾತ್ರೆ ಯಾಕೆ ಕುಡೀಬೇಕು? ವಾಂತಿ ಬರುತ್ತೆ ಅದು ಕುಡಿದ್ರೆ."

ಸಪ್ಪಲಮ್ಮ ಸೊಸೆಯ ಕಡೆ ತಿರುಗಿದಳು. "ಏನೇ ಕಲ್ಯಾಣಿ? ನೀನು ಏನೋ ಹರಕೆ ಹೊತ್ತಿದ್ದೀಯ, ಅದುಕ್ಕೆ ತರ್ತಿಲ್ಲ ಅಂತ ಅಂದ್ಕಂಡಿದ್ದೆ ಕಣೇ ನಾನು!"

ಕಲ್ಯಾಣಿ ಆ ಪುಟ್ಟ ಲೋಟವನ್ನೇ ನೋಡುತ್ತಿದ್ದಳು.

"ವರ್ಷ ತುಂಬಿದ ದಿನ ಅಂಗಡಿಗೆ ಹೋಗಿದ್ದೆ ಅತ್ತೆ. ಬಟ್ಟಲು ಆರಿಸಿದ್ದೆ. ಕೆತ್ತೋನು, ಹೆಸರೇನಮ್ಮ ಅಂದ. ಹಿಂದಿನ ವಾರ ತಾನೇ ಡಾಕ್ಟ್ರು ಕಾಯಿಲೆ ಹೆಸರು ಹೇಳಿದ್ರು. ಬಾಯಿಗೆ ಬರೀ ಅದೇ ಬರ್ತಾ ಇತ್ತು, ಇವಳ ಹೆಸರು ಬರ್ಲಿಲ್ಲ. ಬಟ್ಟಲು ಅಲ್ಲೇ ಇಟ್ಟು ಓಡಿ ಬಂದೆ. ಮಾರನೇ ವರ್ಷ ಭಯ. ಅದರ ಮಾರನೇ ವರ್ಷ, ಹೋದ ವರ್ಷ ಯಾಕೆ ತರ್ಲಿಲ್ಲ ಅಂತ ನೀವು ಕೇಳ್ತೀರಾ ಅಂತ ಭಯ."

"ನಾನು ಕೇಳ್ಬಾರ್ದು ಅಂತ ಸುಮ್ಕಿದ್ದೆ" ಎಂದಳು ಸಪ್ಪಲಮ್ಮ. ಹನ್ನೆರಡು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಾ ಈ ಮಾತೆತ್ತದ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ದರಾಜುವಿಗಂತೂ ಅಟ್ಟದ ಮೇಲೆ ಟ್ರಂಕಿದೆ ಎಂಬುದೇ ಅವತ್ತು ಗೊತ್ತಾದದ್ದು.

ನಂತರ ಸಪ್ಪಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಹನ್ನೆರಡು ವರ್ಷ ಕುಟ್ಟಾಣಿಗೆ ಬೈದ ಬಾಯಿ ಅದು.

"ಇಳಿಯಮ್ಮಿ ಕೆಳಗೆ! ಯಾರ್ಯಾರೋ ಗುರ್ತಿಲ್ಲದ ಜನ ತೋಳು ಚಾಚಿ ರಕ್ತ ಕೊಡ್ತಾವ್ರೆ ನಿಂಗೆ. ನಿಮ್ಮಪ್ಪ ನಿದ್ದೆಗೆಟ್ಟು ಬಸ್ಸು ಓಡಿಸ್ತಾನೆ, ನಿಮ್ಮಮ್ಮ ಕಣ್ಣು ಕಳ್ಕಂಡು ಹೆಮ್ಮಿಂಗ್ ಮಾಡ್ತಾಳೆ. ನೀನು ಬಚ್ಚಲಿಗೆ ಮಾತ್ರೆ ಕುಡಿಸ್ತಾ ಕೂತಿದ್ದೀಯ? ಬಚ್ಚಲಿಗೆ ಬಂದಿತ್ತಾ ಕಾಯಿಲೆ? ಅವರೆಕಾಳು ಉಪ್ಪಿಟ್ಟು ಬ್ಯಾಡ್ವಂತೆ ಇವಳಿಗೆ! ತಲೆ ನೋಡು, ಕುರಿ ಮೇಯ್ದಂಗೈತೆ!"

ಮೈತ್ರಿ ಸ್ಟೂಲಿನಿಂದ ಇಳಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ಏನೋ ಬೇರೆ. ಅಜ್ಜಿಯನ್ನು ಬಿಟ್ಟು ಅಮ್ಮನನ್ನೇ ನೋಡುತ್ತಾ ನಿಂತಳು. ಕಲ್ಯಾಣಿ ಬಾಯಿ ತೆರೆದಳು, ಮುಚ್ಚಿದಳು.

"ನೀನು..." ಎಂದಳು. "ನೀನು ಆ ಒದ್ದೆ ಟವೆಲ್‌ನ..."

"ಹೂಂ" ಎಂದಳು ಮೈತ್ರಿ.

"ಒದ್ದೆ ಟವೆಲ್‌ನ ಯಾಕೆ ದಿನಾ ಹಾಸಿಗೆ ಮೇಲೆ ಹಾಕ್ತೀಯ? ಎಷ್ಟು ವರ್ಷದಿಂದ ನೋಡ್ತಾ ಇದೀನಿ! ಬಾಚಣಿಗೇಲಿ ಕೂದ್ಲು ಹಾಗೇ ಬಿಡ್ತೀಯ! ಆ ಹಕ್ಕಿಗಳ ಗಲೀಜು ಯಾರು ಬಳೀಬೇಕು, ನಾನು ತಾನೇ? ಈ ಗೋಡೆ ನೋಡಿದ್ರೆ ತಲೆನೋವು ಬರುತ್ತೆ ನನಗೆ, ಗೊತ್ತಾ? ಮಾತ್ರೆ ಚೆಲ್ತಾಳಂತೆ! ನಾಲ್ಕು ತಿಂಗಳು! ಐದೂವರೆಗೆ ಎದ್ದು ಕದಡಿದೋಳು ನಾನೇನು ಹುಚ್ಚಿಯಾ? ಸಾಯ್ತಾಳಂತೆ, ಸಾಯ್ತಾಳೆ! ಇನ್ನೊಂದ್ಸಲ ಆ ಮಾತು ಬಾಯಿಂದ ಬರ್ಲಿ, ನೋಡು!"

ಮಹಡಿ ಮನೆಯ ಶಾಮಣ್ಣ ಮೆಟ್ಟಿಲ ಮೇಲೆ ನಿಂತು ಬಗ್ಗಿ ನೋಡಿದರು. ಆ ಮನೆಯಲ್ಲಿ ಮೈತ್ರಿಗೆ ಬೈದದ್ದನ್ನು ಅವರೂ ಮೊದಲ ಸಲ ಕೇಳಿದ್ದು. ಮೈತ್ರಿ ಹೋಗಿ ಅಮ್ಮನ ಸೊಂಟ ತಬ್ಬಿ ಹೋ ಎಂದು ಅತ್ತಳು. ಕಲ್ಯಾಣಿ ಬೈಯುತ್ತಲೇ ಅವಳ ಬೆನ್ನು ಸವರಿದಳು.

"ಕಾಳು ಗುಡಿಸೋರ್ಯಾರು?" ಎಂದಳು ಮಧು ಮೂಗು ಒರೆಸಿಕೊಳ್ಳುತ್ತಾ. ಅಭ್ಯಾಸದಂತೆ ಪೊರಕೆಯ ಕಡೆ ಹೊರಟಿದ್ದಳು.

"ಚೆಲ್ಲಿದೋಳು ಗುಡಿಸ್ಲಿ!" ಎಂದಳು ಕಲ್ಯಾಣಿ.

ಮಧು ಪೊರಕೆ ತಂದು ಅಕ್ಕನ ಕೈಗೆ ಕೊಟ್ಟಳು. ಕೊಡುವಾಗ ಮಧುವಿನ ಮುಖದ ಗೆಲುವು ನೋಡಬೇಕಿತ್ತು.

ಸೋಮವಾರ ಡಾಕ್ಟರಮ್ಮನ ಮುಂದೆ ಮೈತ್ರಿಯನ್ನು ಮಧ್ಯದ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ಲತಾಮಣಿಯೂ ಇದ್ದರು. ಇದುವರೆಗೂ ಅವಳನ್ನು ಹೊರಗೆ ಕೂರಿಸಿ ಅಪ್ಪ ಅಮ್ಮ ಮಾತ್ರ ಒಳಗೆ ಮಾತಾಡುತ್ತಿದ್ದರು.

"ನಿನಗೇನು ಕೇಳ್ಬೇಕೋ ಕೇಳು" ಎಂದರು ಲತಾಮಣಿ.

ಮೈತ್ರಿ ಅಮ್ಮನ ಕಡೆ ಒಮ್ಮೆ ನೋಡಿದಳು. "ನನಗೆ ನಲವತ್ತು ವರ್ಷ ಆಗುತ್ತಾ ಡಾಕ್ಟ್ರೇ?"

ಡಾಕ್ಟರಮ್ಮ ಕನ್ನಡಕ ತೆಗೆದರು.

"ನನ್ನ ಹತ್ರ ಬರೋರಲ್ಲಿ ಮೂವತ್ತೆಂಟು ವರ್ಷದೋರು ಒಬ್ಬರಿದ್ದಾರೆ. ಬ್ಯಾಂಕಲ್ಲಿ ಕೆಲಸ. ಬಾಯ್ತುಂಬ ಜಗಳ ಆಡ್ತಾರೆ ನನ್ನ ಜೊತೆ. ಮಾತ್ರೆ ಮಾತ್ರ ತಪ್ಪಿಸಲ್ಲ. ವಾಂತಿ ಬರುತ್ತೆ ಅಂತ ನೀನು ಹೇಳ್ಲಿಲ್ಲ ಯಾಕೆ? ಬೇರೆ ಥರದ್ದು ಇದೆ, ನೀರಲ್ಲಿ ಕದಡೋದೇ ಬೇಡ. ಬರೆದುಕೊಡ್ತೀನಿ. ಚೆಲ್ಲಿದ್ರೆ ಮಾತ್ರ ನಾನೂ ಬೈತೀನಿ."

"ನೀವೂನಾ?" ಎಂದಳು ಮೈತ್ರಿ. ನಕ್ಕಳು.

ಅಲ್ಲಿಂದ ಮುಂದೆ ಬೆಳಗಿನ ಹೊತ್ತು ಆ ಮನೆಯಲ್ಲಿ ಸಖತ್ ಗದ್ದಲ. "ಮಾತ್ರೆ ನುಂಗಿದ್ಯಾ? ಬಾಯಿ ತೆಗಿ, ನಾಲಿಗೆ ಎತ್ತು!" "ನುಂಗ್ದೆ ಅಮ್ಮ!" "ಸುಳ್ಳು ಹೇಳ್ಬೇಡ!" "ಅಜ್ಜೀ, ಅಮ್ಮ ನಂಬ್ತಾ ಇಲ್ಲ!" "ನಾನೂ ನಂಬಲ್ಲ ಹೋಗಮ್ಮಿ!" ಮೊದಲ ವಾರ ಮೈತ್ರಿ ಬೈಗುಳವನ್ನು ಬರ್ಫಿಯ ಹಾಗೆ ಸವಿದಳು. ಎರಡನೇ ವಾರಕ್ಕೆ ಸಾಕಾಗಿ ತಿರುಗಿ ಬೈದಳು. ಮೂರನೇ ವಾರ ಅಕ್ಕತಂಗಿಯರಿಬ್ಬರೂ ಒಂದೇ ಚಾದರಕ್ಕೆ ಕಿತ್ತಾಡಿದರು, ಇಬ್ಬರಿಗೂ ಸಮವಾಗಿ ಏಟು ಬಿತ್ತು. ಅವತ್ತು ಮಧು ಶಾಲೆಗೆ ಕುಣಿಯುತ್ತಾ ಹೋದಳು. ಇವೆಲ್ಲದರ ನಡುವೆ ಕಲ್ಯಾಣಿಗೆ ಒಮ್ಮೊಮ್ಮೆ ಭಯವಾಗುತ್ತಿತ್ತು, ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು. ಆಗ ಮೈತ್ರಿಯೇ "ಮುಂದಕ್ಕೆ?" ಎನ್ನುತ್ತಿದ್ದಳು.

ಮಾರ್ಚಿನಲ್ಲಿ ಮೈತ್ರಿಗೆ ಹದಿನಾಲ್ಕು ತುಂಬಿತು. ಅವತ್ತು ಸಂಜೆ ಹೆಂಗಸರು ನಾಲ್ವರೂ ಪಾತ್ರೆ ಅಂಗಡಿಗೆ ಹೋದರು. ಹಿಂದಿನದೆಲ್ಲ ಸೇರಿಸಿ ಹದಿನಾಲ್ಕು ತರಬೇಕು ಎಂದಳು ಸಪ್ಪಲಮ್ಮ. ಬೇಡ, ಈ ವರ್ಷದ್ದು ಒಂದೇ ಸಾಕು, ಮುಂದಿನದು ಮುಂದಿನ ವರ್ಷ ಎಂದಳು ಮೈತ್ರಿ. ಹೇಳಿದವಳೇ ಹೋಗಿ ಅಂಗಡಿಯ ಬಾಗಿಲಲ್ಲಿಟ್ಟಿದ್ದ, ಐವತ್ತು ಜನಕ್ಕೆ ಬಿರಿಯಾನಿ ಬೇಯಿಸುವ ಹಂಡೆಯನ್ನು ತಬ್ಬಿ ನಿಂತಳು.

"ನನಗೆ ಇದೇ ಬೇಕು."

ಸಪ್ಪಲಮ್ಮ ಸೊಸೆಯ ಮುಖ ನೋಡಿದಳು.

"ಬೇಡ" ಎಂದಳು ಕಲ್ಯಾಣಿ.

"ಏನಂದೆ?"

"ಬೇಡ ಅಂದೆ. ಎಲ್ಲಿಡ್ತೀಯ ಅದನ್ನ, ನನ್ನ ತಲೆ ಮೇಲಾ? ಬಿಡು, ಕೈಬೆರಳಿನ ಗುರುತೆಲ್ಲ ಅಂಟುತ್ತೆ ಅದಕ್ಕೆ."

"ಕೇಳಿಸ್ತೇನೇ?" ಎಂದು ಮೈತ್ರಿ ಮಧುವನ್ನು ತಿವಿದಳು. "ಬೇಡ ಅಂದ್ಲು! ಅಮ್ಮ ನನಗೆ ಬೇಡ ಅಂದ್ಲು!" ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೇಡ ಎನ್ನಿಸಿಕೊಂಡು ಹೀಗೆ ಕುಣಿಯುವ ಹುಡುಗಿಯನ್ನು ಅವರು ಕಂಡಿರಲಿಕ್ಕಿಲ್ಲ.

ಕೊನೆಗೆ ಅವಳು ಆರಿಸಿದ್ದು ನಾಲ್ಕು ಡಬ್ಬಿಯ ಊಟದ ಕ್ಯಾರಿಯರ್. ಹೆಸರು ಕೆತ್ತುವ ಮುದುಕ ಸಣ್ಣ ಮಷೀನಿಗೆ ಸ್ವಿಚ್ಚು ಹಾಕಿ ಕಲ್ಯಾಣಿಯ ಕಡೆ ನೋಡಿದ.

"ಹೆಸರೇನಮ್ಮ?"

ಕಲ್ಯಾಣಿ ಗಂಟಲು ಸರಿಮಾಡಿಕೊಂಡಳು. ಮೈತ್ರಿ ಅವಳ ಬಾಯನ್ನೇ ನೋಡುತ್ತಿದ್ದಳು.

"ಮೈತ್ರಿ" ಎಂದಳು. ಮತ್ತೊಮ್ಮೆ, ಜೋರಾಗಿ, "ಮೈತ್ರಿ. ಇವತ್ತಿನ ತಾರೀಖು ಹಾಕಿ. ದಪ್ಪಕ್ಷರದಲ್ಲಿ."

ಮಷೀನು ಗಿರ್ರೆಂದು ಶುರುವಾಯಿತು. ಸಪ್ಪಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅದನ್ನು ಮರೆಸಲು ಮೊಮ್ಮಗಳನ್ನು ಗದರಿಸಿದಳು. "ಇಸ್ಕೂಲಿಗೆ ನಾಲ್ಕು ಡಬ್ಬಿ ತಗಂಡು ಹೋಗ್ತೀಯೇನಮ್ಮಿ? ಊರಿಗೆಲ್ಲ ಬಡಿಸ್ತೀಯಾ?"

"ಸ್ಕೂಲಿಗಲ್ಲ ಅಜ್ಜಿ, ಕೆಲಸಕ್ಕೆ" ಎಂದಳು ಮೈತ್ರಿ. "ನಾನು ಕೆಲಸಕ್ಕೆ ಹೋಗುವಾಗ."

ಕಲ್ಯಾಣಿ ಥಟ್ಟನೆ ಮುಖ ತಿರುಗಿಸಿ ತೂಗುಹಾಕಿದ್ದ ಸೌಟುಗಳನ್ನು ನೋಡುತ್ತಾ ನಿಂತಳು. ಮಷೀನಿನ ಸದ್ದು ನಿಲ್ಲುವವರೆಗೂ ನೋಡಿದಳು. ಆಮೇಲೆ ತಿರುಗಿದಳು.

"ಕೆಲಸಕ್ಕೆ ಹೋಗ್ತಾಳಂತೆ! ಮೊದಲು ಗಣಿತದಲ್ಲಿ ಪಾಸಾಗು! ಹನ್ನೊಂದು ಮಾರ್ಕ್ಸ್ ತಗೊಂಡೋಳಿಗೆ ಯಾರೇ ಕೊಡ್ತಾರೆ ಕೆಲಸ?"